ಕೇಳಿಸದೆ ಮಾರುವವರು, ಕೇಳದೆ ಕೊಳ್ಳುವವರು

ಮಾವಿನ ಹಣ್ಣನ್ನು ಮೂಸದೆ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸದೆ, ಸೀರೆಯ ಸೆರಗನ್ನು ಬಿಚ್ಚಿಸಿ ಬೆಳಕಿಗೆ ಹಿಡಿಯದೆ ಕೊಳ್ಳುವ ಅಭ್ಯಾಸ ನಮ್ಮ ಮನೆತನಗಳಲ್ಲಿ ಇರಲಿಲ್ಲ. ಸಂತೆಯ ಮಡಕೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಒಡಕಿಲ್ಲವೆಂದು ಖಾತ್ರಿಯಾದ ಮೇಲೆಯೇ ನಮ್ಮ ತಾಯಂದಿರು ಮನೆಗೆ ತರುತ್ತಿದ್ದರು. ಅಂಥವರ ಮಕ್ಕಳೂ ಮೊಮ್ಮಕ್ಕಳೂ ಆದ ನೀವು ಇಂದು, ನಾದವಲ್ಲದೆ ಬೇರಾವ ಪ್ರಯೋಜನವೂ ಇಲ್ಲದ ಒಂದು ವಸ್ತುವನ್ನು, ಅದೂ ಮೂರು ನಾಲ್ಕು ಲಕ್ಷ ರೂಪಾಯಿ ತೆತ್ತು, ಒಮ್ಮೆಯೂ ಕಿವಿಗೊಡದೆ ತರಿಸಿಕೊಳ್ಳುತ್ತಿದ್ದೀರಿ. ನಾನು ಹೇಳುತ್ತಿರುವುದು ಮನೆಯಲ್ಲಿ ಸಂಗೀತ ಕೇಳುವ ದುಬಾರಿ ಸ್ಪೀಕರುಗಳ ವಿಷಯ.

ಈ ಮಾತನ್ನು ಕಟುವಾಗಿ ಹೇಳಲು ಕಾರಣವಿದೆ. ವಿಜ್ಞಾನ ಪಾಠ ಹೇಳಿದವನು, ಸಂಗೀತದ ಹುಚ್ಚುಳ್ಳವನು ಎಂಬ ನೆಪದಲ್ಲಿ ಹಳೆಯ ವಿದ್ಯಾರ್ಥಿಗಳು ಆಗಾಗ ನನ್ನನ್ನು ವಿಚಾರಿಸುತ್ತಾರೆ: "ಮೇಷ್ಟ್ರೇ, ಇಂಥ ಕಂಪನಿಯದು ತೆಗೆದುಕೊಳ್ಳಬಹುದೇ?" "ಕೇಳಿದೆಯೇನಪ್ಪಾ?" ಎಂದರೆ, "ಇಲ್ಲ ಸಾರ್, ವಿಮರ್ಶೆಗಳನ್ನು ಓದಿದ್ದೇನೆ" ಎಂಬ ಉತ್ತರ. ಅವರ ಕಷ್ಟ ಸುಳ್ಳಲ್ಲ. ಶಿವಮೊಗ್ಗ, ದಾವಣಗೆರೆ, ಹಾಸನದಲ್ಲಿ ಇರುವವನು ಇಂಥ ಸ್ಪೀಕರನ್ನು ಕೇಳಬೇಕಾದರೆ ಒಂದು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಬೇಕು. ಹೋದಲ್ಲಿ ಬೇಕಾದ ಮಾದರಿ ಇರುವುದಿಲ್ಲ. ಅದರ ತಮ್ಮನೋ ಅಣ್ಣನೋ ಇರುತ್ತದೆ. "ಅದೇ ಮನೆತನದ ನಾದ, ಧೈರ್ಯವಾಗಿ ಮುಂಗಡ ಕೊಡಿ, ವಿದೇಶದಿಂದ ತರಿಸುತ್ತೇವೆ, ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂಬ ಮಾತು ಬರುತ್ತದೆ. ನೀರಿನಲ್ಲಿ ಮುಳುಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವ ವ್ಯಾಪಾರ ಇದಲ್ಲದೆ ಮತ್ತೇನು?

ಕೇಳಿ ನೋಡುವ ಅನುಕೂಲ ದುರ್ಲಭ ಎಂಬುದನ್ನು ಒಪ್ಪಿಯೇ ನಾನು ಪ್ರಶ್ನಿಸುತ್ತೇನೆ: ಆ ದುರ್ಲಭತೆಯ ನಷ್ಟವನ್ನು ಕೊಳ್ಳುವವನೊಬ್ಬನೇ ಹೊರಬೇಕೆಂಬ ನಿಯಮವನ್ನು ಮಾಡಿದವರು ಯಾರು? ನನ್ನ ವಾದ ಇಷ್ಟೇ. ಮಾರುವವನು ನಿಮ್ಮ ಮನೆಯಲ್ಲಿ ಕೇಳಿಸಲಿ. ಕೇಳಿಸಲಾರದಿದ್ದರೆ, ಒಗ್ಗದಿದ್ದಲ್ಲಿ ಹಿಂದಕ್ಕೆ ಪಡೆಯುವೆನೆಂದು ಬರೆದುಕೊಡಲಿ. ಅದೂ ಆಗದಿದ್ದರೆ ಪಕ್ಷಪಾತವಿಲ್ಲದವರು ಮಾಡಿದ ಅಳತೆಗಳನ್ನಾದರೂ ಮುಂದಿಡಲಿ. ಈ ಮೂರನ್ನೂ ಒಲ್ಲದವನಿಂದ ಎಷ್ಟೇ ಕೀರ್ತಿವಂತ ಸರಕನ್ನಾದರೂ ಕೊಳ್ಳಬಾರದು. ಕೀರ್ತಿ, ಬೆಲೆ, ವಿಶೇಷಣಗಳು ಈ ಮೂರರಲ್ಲಿ ಯಾವುದರ ಸ್ಥಾನವನ್ನೂ ತುಂಬಲಾರವು.

ಮೊದಲು ಬೆಲೆಯ ಮಾತು. "ಇಷ್ಟು ಬೆಲೆಯಿದೆ ಎಂದ ಮೇಲೆ ಚೆನ್ನಾಗಿಯೇ ಇರಬೇಕಲ್ಲವೇ?" ಎಂದು ಕೇಳುವವರಿಗೆ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. ಕೆನಡಾದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ದೀರ್ಘಕಾಲ ಸ್ಪೀಕರುಗಳನ್ನು ಅಭ್ಯಸಿಸಿ ಆಮೇಲೆ ಹಾರ್ಮನ್ ಕಂಪನಿಯನ್ನು ಸೇರಿದ ಫ್ಲಾಯ್ಡ್ ಟೂಲ್ ಮತ್ತು ಅವರ ಸಹೋದ್ಯೋಗಿ ಶಾನ್ ಆಲಿವ್ 1994ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಕಂಪನಿಯ 40 ಮಂದಿ ನೌಕರರಿಗೆ ನಾಲ್ಕು ಸ್ಪೀಕರುಗಳನ್ನು ಕೇಳಿಸಿ ಅಂಕ ಕೊಡಲು ಹೇಳಿದರು. ಪರದೆಯ ಮರೆಯಲ್ಲಿಟ್ಟು ಕೇಳಿಸಿದ್ದೂ ಉಂಟು, ಕಣ್ಣಿಗೆ ಕಾಣುವಂತೆ ಇಟ್ಟು ಕೇಳಿಸಿದ್ದೂ ಉಂಟು. ಕಣ್ಣಿಗೆ ಕಂಡಾಗ ದೊಡ್ಡದಾದ, ಅಂದವಾದ ಪೆಟ್ಟಿಗೆಗಳ ಅಂಕ ಏರಿತು. ಅಗ್ಗದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳ ಅಂಕ ಇಳಿಯಿತು. ಇನ್ನೂ ವಿಚಿತ್ರವೆಂದರೆ, ಸ್ಪೀಕರನ್ನು ಕೋಣೆಯಲ್ಲಿ ಬೇರೆ ಜಾಗಕ್ಕೆ ಸರಿಸಿದಾಗ ಆಗುವ ನಾದದ ವ್ಯತ್ಯಾಸ ಪರದೆಯ ಮರೆಯಲ್ಲಿ ಚೆನ್ನಾಗಿ ಗೊತ್ತಾಗುತ್ತಿತ್ತು. ಕಣ್ಣು ತೆರೆದಾಗ ಅದೂ ಮಂಕಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಸ್ಪೀಕರಿನ ವಿಷಯದಲ್ಲಂತೂ ಪ್ರತ್ಯಕ್ಷವೇ ಪ್ರಮಾಣಕ್ಕೆ ಅಡ್ಡಿ!

ಎರಡನೆಯದಾಗಿ, "ನಮ್ಮಂಥವರ ಕಿವಿಗೆ ಏನು ತಿಳಿದೀತು, ಬಲ್ಲವರು ಬರೆದಿದ್ದಾರೆ" ಎಂಬ ವಿನಯ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಈ ವಿನಯವೇ. ಅದೇ ಆಲಿವ್ ಅವರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ತರಬೇತಿ ಪಡೆದ ಕೇಳುಗರು, ವ್ಯಾಪಾರಿಗಳು, ಪತ್ರಿಕೆಗಳ ವಿಮರ್ಶಕರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಇದ್ದರು. ಕಣ್ಣಿಗೆ ಮರೆಮಾಡಿ ಕೇಳಿಸಿದಾಗ ಇವರೆಲ್ಲ ಸ್ಪೀಕರುಗಳಿಗೆ ಕೊಟ್ಟ ಮೇಲು ಕೀಳಿನ ಕ್ರಮ ಹೆಚ್ಚುಕಡಿಮೆ ಒಂದೇ ಆಗಿತ್ತು. ಪಳಗಿದವರು ತಮ್ಮ ತೀರ್ಪನ್ನು ಹೆಚ್ಚು ಸ್ಥಿರವಾಗಿ ಮತ್ತೆ ಮತ್ತೆ ಕೊಡಬಲ್ಲವರಾಗಿದ್ದರು, ಅಷ್ಟೇ ವ್ಯತ್ಯಾಸ. ಅಂದರೆ ಸಾಮಾನ್ಯನ ಕಿವಿ ಸಾಮಾನ್ಯವಲ್ಲ. ಗಂಗೂಬಾಯಿ ಹಾನಗಲ್ಲರ ಕಂಠದ ಗಾಂಭೀರ್ಯವನ್ನೂ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಮೀಟಿನ ಹದವನ್ನೂ ಬಾಲ್ಯದಿಂದ ಕೇಳಿ ಗುರುತಿಸಬಲ್ಲ ನಿಮಗೆ, ಆ ಸಂಗೀತದ ಪರಿಚಯವೇ ಇಲ್ಲದ ಒಬ್ಬ ದೂರದೇಶದ ಬರಹಗಾರ "ಮಧ್ಯಸ್ತರ ಜೇನಿನಂತಿದೆ" ಎಂದು ಬರೆದ ಮಾತು ಪ್ರಮಾಣವಾಗುವುದಾದರೆ, ನಿಮಗೆ ಕಿವಿಯಾದರೂ ಏಕೆ ಬೇಕು?

ಮೂರನೆಯದು ಕೋಣೆ. ವಿಮರ್ಶಕ ಕೇಳಿದ್ದು ತನ್ನ ಕೋಣೆಯಲ್ಲಿ. ಅಂಗಡಿಯವನು ಕೇಳಿಸುವುದು ಅಂಗಡಿಯ ಕೋಣೆಯಲ್ಲಿ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟವನ್ನು ಏರಿಳಿಸುತ್ತ ಬಾಯಿಯ ಬಳಿ ಶ್ರುತಿಕವೆಯನ್ನು ಹಿಡಿದಾಗ, ಒಂದು ನಿರ್ದಿಷ್ಟ ಉದ್ದದಲ್ಲಿ ಮಾತ್ರ ಗಾಳಿಯ ಕಂಬ ಇದ್ದಕ್ಕಿದ್ದಂತೆ ಮೊಳಗುತ್ತಿದ್ದುದನ್ನು ನೆನಪಿಸಿಕೊಳ್ಳಿ. ನಿಮ್ಮ ಹಜಾರವೂ ಅಂಥದೊಂದು ಕೊಳವೆಯೇ. 15 ಅಡಿ ಉದ್ದ, 12 ಅಡಿ ಅಗಲದ ಕೋಣೆ ಎನ್ನಿ. ಶಬ್ದದ ವೇಗ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್. ಅದನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಉದ್ದಕ್ಕೆ 38, ಅಗಲಕ್ಕೆ 47 ಹರ್ಟ್ಸ್ ಬರುತ್ತದೆ. ಅವುಗಳ ದುಪ್ಪಟ್ಟು 76 ಮತ್ತು 95. ತಬಲಾ ಜೋಡಿಯ ಡಗ್ಗಾ, ಮೃದಂಗದ ಎಡಭಾಗದ ಗುಂಕಾರ ಸುಮಾರಾಗಿ ಈ ಆಸುಪಾಸಿನಲ್ಲೇ ಸುಳಿಯುತ್ತವೆ. ಈ ಸ್ವರಗಳು ಕೋಣೆಯ ಕೆಲವು ಜಾಗಗಳಲ್ಲಿ ಉಬ್ಬಿ ಮೊರೆಯುತ್ತವೆ, ಕೆಲವು ಜಾಗಗಳಲ್ಲಿ ಅಡಗಿಹೋಗುತ್ತವೆ. ಇದು ಸ್ಪೀಕರಿನ ಗುಣವಲ್ಲ, ನಿಮ್ಮ ಗೋಡೆಗಳ ಗುಣ. ಅದರ ಮೇಲೆ ನಮ್ಮ ಮನೆಗಳ ನುಣುಪು ಟೈಲ್ಸ್ ನೆಲ, ಗಾರೆಯ ಬೋಳು ಗೋಡೆ, ಗಾಜಿನ ಕಿಟಕಿ, ತಲೆಯ ಮೇಲೆ ತಿರುಗುವ ಫ್ಯಾನು! ಒಂದು ದಪ್ಪ ಜಮಖಾನ, ಭಾರವಾದ ಪರದೆ, ಪುಸ್ತಕ ತುಂಬಿದ ಕಪಾಟು ತಾರಸ್ವರದ ಕರ್ಕಶತೆಯನ್ನು ತಗ್ಗಿಸುತ್ತವೆ. ಮಂದ್ರದ ಮೊರೆತಕ್ಕೆ ಸ್ಪೀಕರನ್ನೂ ಕುರ್ಚಿಯನ್ನೂ ಸರಿಸಿ ನೋಡುವುದೇ ಮೊದಲ ಔಷಧ. ಖರ್ಚಿಲ್ಲದ ಈ ಉಪಚಾರವನ್ನು ಬಿಟ್ಟು, ಒಂದು ಲಕ್ಷದ ಸ್ಪೀಕರು ಮೊರೆಯಿತೆಂದು ನಾಲ್ಕು ಲಕ್ಷದ್ದನ್ನು ತಂದರೆ ಮೊರೆತವೂ ಅದರ ಜೊತೆಗೆ ದೊಡ್ಡದಾದೀತು.

ಹಾಗಾದರೆ ಅಂಗಡಿಯಲ್ಲಿ ಕೇಳುವುದೇ ವ್ಯರ್ಥವೇ? ವ್ಯರ್ಥವಲ್ಲ, ಆದರೆ ಅಲ್ಲಿಯೂ ಎಚ್ಚರ ಬೇಕು. ಎರಡು ಸ್ಪೀಕರುಗಳಲ್ಲಿ ಒಂದರ ಸದ್ದು ತುಸುವೇ ಹೆಚ್ಚಾಗಿದ್ದರೂ ನಮಗೆ ಅದು "ಜೋರು" ಎನ್ನಿಸುವುದಿಲ್ಲ, "ಚೆನ್ನಾಗಿದೆ" ಎನ್ನಿಸುತ್ತದೆ. ಆದ್ದರಿಂದ ಸದ್ದಿನ ಮಟ್ಟ ಸಮನಾಗಿಲ್ಲದ ಹೋಲಿಕೆ ಹೋಲಿಕೆಯೇ ಅಲ್ಲ. ನಾದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡುಗಳಷ್ಟು ಉಳಿಯುವಂಥದು; ಬೆಳಿಗ್ಗೆ ಒಂದು ಅಂಗಡಿ, ಸಂಜೆ ಇನ್ನೊಂದು ಅಂಗಡಿ ಸುತ್ತಿ ತೀರ್ಮಾನಿಸಲಾಗದು. ಅಂಗಡಿಯವನು ಹಾಕುವ ಗುಡುಗು, ಗಾಜು ಒಡೆಯುವ ಸದ್ದು, ನಿಮಗೆ ಗೊತ್ತಿಲ್ಲದ ಗಿಟಾರು ಇವುಗಳಿಂದ ಏನೂ ತಿಳಿಯದು. ನಿಮಗೆ ಚಿರಪರಿಚಿತವಾದ ಮನುಷ್ಯ ಕಂಠವನ್ನು ಕೇಳಿ. ತಂಬೂರಿಯ ಶ್ರುತಿಯೊಂದನ್ನೇ ಐದು ನಿಮಿಷ ಕೇಳಿ. ಸಭೆಗಳಲ್ಲಿ ವೀಣೆಯನ್ನೂ ಮೈಕಿನ ಮೂಲಕವೇ ಕೇಳುವ ಕಾಲವಿದು. ಸಾಧ್ಯವಾದರೆ ಯಾರದಾದರೂ ಮನೆಯ ಬೈಠಕಿನಲ್ಲಿ, ಮೈಕಿಲ್ಲದೆ, ಹತ್ತಡಿ ದೂರದಿಂದ ಒಮ್ಮೆ ಕೇಳಿ ಬನ್ನಿ. ತಾರತಮ್ಯಕ್ಕೆ ಒರೆಗಲ್ಲು ಸಿಕ್ಕಂತಾಗುತ್ತದೆ.

ವ್ಯಾಪಾರಿಗಳ ಪಕ್ಷದಲ್ಲಿಯೂ ನ್ಯಾಯವಿದೆ ಎಂಬುದನ್ನು ಮುಚ್ಚಿಡಲಾರೆ. ಪ್ರದರ್ಶನಕ್ಕೆಂದು ಹತ್ತು ಜೊತೆ ಸ್ಪೀಕರುಗಳನ್ನು ಇಡುವುದೆಂದರೆ ಬಂಡವಾಳವನ್ನು ಹೂತಿಟ್ಟಂತೆ. ಎರಡು ಗಂಟೆ ಕುಳಿತು, ಕಾಫಿ ಕುಡಿದು, ಎಲ್ಲವನ್ನೂ ಕೇಳಿ, ಕೊನೆಗೆ ನಾಲ್ಕು ಕಾಸು ಉಳಿಯುತ್ತದೆಂದು ಬೇರೆಡೆ ಕೊಳ್ಳುವ ಗಿರಾಕಿಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ. ನೀವು ಹಾಗೆ ಮಾಡಿದರೆ ಅದು ನನಗೆ ನಾಚಿಕೆಯ ವಿಷಯ. ಕೇಳಿಸಿದ ಶ್ರಮಕ್ಕೆ ಅವನು ಶುಲ್ಕ ಕೇಳಲಿ, ಕೊಡಿ. ಮನೆಗೆ ತಂದು ಜೋಡಿಸಿ ತೋರಿಸಿದರೆ ಸಾಗಣೆಯ ಖರ್ಚನ್ನೂ ಕೊಡಿ. ಕೇಳಿಸಿದವನಿಂದಲೇ ಕೊಳ್ಳಿ. ಆದರೆ ಶುಲ್ಕ ಬೇರೆ, ಹಿಂತಿರುಗದ ಮುಂಗಡ ಬೇರೆ. ಮೊದಲನೆಯದು ಸೇವೆಗೆ ಕೊಡುವ ಬೆಲೆ. ಎರಡನೆಯದು ಬಾಯಿ ಕಟ್ಟಲು ಹಾಕುವ ಹಗ್ಗ.

ಇದರ ಜೊತೆಗೇ ಹೊಸೆದುಕೊಂಡಿರುವ ಇನ್ನೊಂದು ಹಗ್ಗವೆಂದರೆ "ಮುನ್ನೂರು ಗಂಟೆ ಓಡಿದರೆ ಪಳಗುತ್ತದೆ" ಎಂಬ ಸಮಾಧಾನ. ಹೊಸ ಸ್ಪೀಕರಿನ ಪೊರೆ ತುಸು ಸಡಿಲವಾಗುವುದುಂಟು. ಅದಕ್ಕೆ ಮುನ್ನೂರು ಗಂಟೆ ಬೇಕಿಲ್ಲ. ಮುನ್ನೂರು ಗಂಟೆಯಲ್ಲಿ ಪಳಗುವುದು ಹೆಚ್ಚಾಗಿ ಕೊಂಡವನ ಕಿವಿ. ಅಷ್ಟರಲ್ಲಿ ದೂರು ಹೇಳುವ ಅವಧಿಯೂ ಮುಗಿದಿರುತ್ತದೆ. ಇಲ್ಲೊಂದು ಕಾನೂನಿನ ಮಾತು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವುಳ್ಳ ಸರಕಿನ ವಿಷಯದಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ಆದರೆ "ನಾದ ಮನಸ್ಸಿಗೆ ಒಗ್ಗಲಿಲ್ಲ" ಎಂಬುದು ದೋಷವಲ್ಲ. ಆದ್ದರಿಂದಲೇ ಹಿಂದಿರುಗಿಸುವ ಷರತ್ತು, ಅದರ ದಿನಗಳ ಲೆಕ್ಕ, ಸಾಗಣೆ ಖರ್ಚು ಯಾರದೆಂಬ ಮಾತು ಇವೆಲ್ಲ ಹಣ ಕೊಡುವ ಮೊದಲೇ ಕಾಗದದ ಮೇಲಿರಬೇಕು. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಈ ಕಷ್ಟ ಕಡಿಮೆ. ಅಲ್ಲಿ ನೇರವಾಗಿ ಮಾರುವ ಹಲವು ಕಂಪನಿಗಳು ತಿಂಗಳೊಪ್ಪತ್ತು ಮನೆಯಲ್ಲಿಟ್ಟು ಕೇಳಲು ಬಿಡುತ್ತವೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆಂದು ನಂಬಿಸುವವರ ಮಾತಿಗೆ ತಲೆದೂಗಬೇಡಿ.

ಇನ್ನು ಅಳತೆ. "ಸಂಗೀತವನ್ನು ಅಳೆಯಲಾದೀತೇ?" ಎಂದು ನಗುವವರಿದ್ದಾರೆ. ಸಂಗೀತವನ್ನು ಅಳೆಯಲಾಗದು, ನಿಜ. ಆದರೆ ಸ್ಪೀಕರು ಸಂಗೀತವಲ್ಲ, ಅದೊಂದು ಪೆಟ್ಟಿಗೆ. ಅದರ ಸುತ್ತ ಅಡ್ಡಲಾಗಿಯೂ ಲಂಬವಾಗಿಯೂ ಹತ್ತು ಹತ್ತು ಡಿಗ್ರಿಗೆ ಒಂದರಂತೆ ಒಟ್ಟು 70 ಕೋನಗಳಿಂದ ಅಳೆಯುವ ಅಮೆರಿಕದ ಒಂದು ಮಾನಕವಿದೆ. ಸಿಟಿಎ-2034 ಎಂಬುದು ಅದರ ಹೆಸರು. ಇಂಥ ಅಳತೆಗಳನ್ನು ಆಧರಿಸಿ ಕೇಳುಗರ ಮೆಚ್ಚುಗೆಯನ್ನು ಅಂದಾಜಿಸುವ ಸೂತ್ರವೊಂದನ್ನು ಆಲಿವ್ 2004ರಲ್ಲಿ 70 ಸ್ಪೀಕರುಗಳ ಮೇಲೆ ಪರೀಕ್ಷಿಸಿದರು. ಅಂದಾಜಿಗೂ ಕೇಳುಗರು ನಿಜವಾಗಿ ಕೊಟ್ಟ ಅಂಕಕ್ಕೂ ಇದ್ದ ಸಹಸಂಬಂಧ 0.86. ಪೂರ್ಣ 1 ಅಲ್ಲ, ಆದರೆ ಯಾವ ವಿಶೇಷಣವೂ ಅದರ ಹತ್ತಿರ ಸುಳಿಯಲಾರದು. ಸ್ಟೀರಿಯೋಫೈಲ್ ಪತ್ರಿಕೆ ದಶಕಗಳಿಂದ ವಿಮರ್ಶೆಯ ಜೊತೆಗೆ ಅಳತೆಗಳನ್ನೂ ಅಚ್ಚುಹಾಕುತ್ತಾ ಬಂದಿದೆ. ನನ್ನ ಸಲಹೆಯೆಂದರೆ ಮೊದಲು ಆ ಪುಟವನ್ನು ಓದಿ, ಹೊಗಳಿಕೆಯನ್ನು ಆಮೇಲೆ ಓದಿ.

ಕಂಪನಿಯ ಪತ್ರಿಕೆಯಲ್ಲಿ "40 ಹರ್ಟ್ಸ್‌ನಿಂದ 20,000 ಹರ್ಟ್ಸ್" ಎಂದಷ್ಟೇ ಇದ್ದು, ಎಷ್ಟು ಡೆಸಿಬಲ್ ಏರಿಳಿತದೊಳಗೆ ಎಂಬುದಿಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಸಂವೇದನೆಯ ಅಂಕಿಯನ್ನು ತಪ್ಪದೆ ನೋಡಿ: ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ರೂಪಿಸಿದ ಪ್ರಸಿದ್ಧ ಎಲ್‌ಎಸ್3/5ಎ ಪುಟ್ಟ ಸ್ಪೀಕರಿನದು ಸುಮಾರು 83 ಡೆಸಿಬಲ್. 90 ಡೆಸಿಬಲ್ಲಿನ ಸ್ಪೀಕರು 10 ವಾಟಿನಲ್ಲಿ ಕೊಡುವ ಸದ್ದನ್ನು ಕೊಡಲು ಅದಕ್ಕೆ 50 ವಾಟು ಬೇಕು. ಮನೆಯಲ್ಲಿರುವ ಆಂಪ್ಲಿಫೈಯರು ಅದನ್ನು ಹೊರಬಲ್ಲದೇ ಎಂದು ಕೇಳದೆ ಕೀರ್ತಿಯನ್ನಷ್ಟೇ ಕೊಂಡು ತಂದರೆ, ಆಮೇಲೆ ಆಂಪ್ಲಿಫೈಯರನ್ನೂ ಕೊಳ್ಳಬೇಕಾಗುತ್ತದೆ.

ಇವೆಲ್ಲ ಕೂಡಿಬರದವರಿಗೆ ಇನ್ನೊಂದು ದಾರಿಯುಂಟು. ಬಳಸಿದ ಸ್ಪೀಕರನ್ನು ಅದರ ಒಡೆಯನ ಮನೆಗೆ ಹೋಗಿ ಕೇಳಿ ಕೊಳ್ಳಬಹುದು. ಹೊಸದು ಅಂಗಡಿಯ ಬಾಗಿಲು ದಾಟುತ್ತಲೇ ಕಳೆದುಕೊಳ್ಳುವ ಬೆಲೆಯನ್ನು ಅದು ಆಗಲೇ ಕಳೆದುಕೊಂಡಿರುತ್ತದೆ; ಒಗ್ಗದಿದ್ದರೆ ಅಲ್ಪ ನಷ್ಟದಲ್ಲಿ ದಾಟಿಸಬಹುದು. ನನ್ನ ವಯಸ್ಸಿನ ಬಂಧುಗಳಿಗೆ ಒಂದು ಕಿವಿಮಾತು: ಅರವತ್ತು ದಾಟಿದ ಕಿವಿಗೆ 20,000 ಹರ್ಟ್ಸ್ ಕನಸಿನ ಮಾತು. ಕೈಯಲ್ಲಿ ದುಡ್ಡು ಸೇರುವ ಹೊತ್ತಿಗೆ ಕಿವಿ ಕೈಕೊಟ್ಟಿರುತ್ತದೆ. ಕೇಳಿಸದ ಸ್ವರಕ್ಕೆ ಬೆಲೆ ತೆರಬೇಡಿ.

ಕೇಳಿಸದೆ ಮಾರುವವನು ಬದುಕಿರುವುದು ಕೇಳದೆ ಕೊಳ್ಳುವವನು ಇರುವುದರಿಂದ. ನಿಮ್ಮ ದುಡಿಮೆಯ ಹಣ ನಿಮ್ಮದು. ಅದನ್ನು ಸಂಗೀತಕ್ಕೆ ವ್ಯಯಿಸುವುದನ್ನು ನಾನು ಎಂದೂ ದುಂದು ಎನ್ನಲಾರೆ. ತರಗತಿಯಲ್ಲಿ ನಾನು ಹೇಳಿದ್ದನ್ನೂ ಪ್ರಶ್ನಿಸಿ ಎಂದು ನಿಮಗೆ ಹೇಳಿಕೊಟ್ಟಿದ್ದೆ. ಮೇಷ್ಟ್ರ ಮಾತನ್ನೇ ಪರೀಕ್ಷಿಸದೆ ಒಪ್ಪಬಾರದೆಂದು ಕಲಿತವರು ಮಾರಾಟಗಾರನ ಮಾತನ್ನು ಪರೀಕ್ಷಿಸದೆ ಒಪ್ಪುವುದೇಕೆ? ಈಗಾಗಲೇ ಯಾರಾದರೂ ಮುಂಗಡ ಕಳುಹಿಸಲು ಹೊರಟಿದ್ದರೆ ಒಂದು ವಾರ ತಡೆಯಿರಿ. ಅಂಗಡಿಯವನಿಗೆ ಮೇಲಿನ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿ, ಬಂದ ಉತ್ತರವನ್ನು ನನಗೂ ತಿಳಿಸಿ.