ಮೋಸದ ಇಮೇಲ್: ಹೊಣೆ ಗ್ರಾಹಕನದೊಂದೇ ಅಲ್ಲ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತಮ್ಮ ಮನೆಯಲ್ಲಿಯೇ ಕುಳಿತು ಅಮೆರಿಕದ ಗಿರಾಕಿಗೆ ಚಿತ್ರ ಬಿಡಿಸಿಕೊಡುವವರು, ಜರ್ಮನಿಯ ಸಂಸ್ಥೆಗೆ ತಂತ್ರಾಂಶ ಬರೆದುಕೊಡುವವರು, ಕರಕುಶಲ ವಸ್ತುಗಳನ್ನು ಹೊರದೇಶಗಳಿಗೆ ರವಾನಿಸುವ ಸಣ್ಣ ವರ್ತಕರು ಮುಂತಾದ ಅನೇಕರ ದುಡಿಮೆಯ ಫಲ ಇಂದು ಪೇಪಾಲ್‌ನಂಥ ಆನ್‌ಲೈನ್ ಪಾವತಿ ಖಾತೆಯ ಮೂಲಕ ಅವರ ಕೈಸೇರುವುದು. 2021ರ ಏಪ್ರಿಲ್ 1ರಿಂದ ಭಾರತದ ಒಳಗಣ ಪಾವತಿಗಳ ಸೇವೆಯನ್ನು ಆ ಸಂಸ್ಥೆ ನಿಲ್ಲಿಸಿತಾದರೂ, ಹೊರದೇಶದಿಂದ ಹಣ ತರಿಸಿಕೊಳ್ಳುವ ಸೌಕರ್ಯವನ್ನು ಉಳಿಸಿಕೊಂಡಿತು. ತಿಂಗಳ ಗಳಿಕೆಗೆ ಆ ಒಂದು ಖಾತೆಯನ್ನೇ ನೆಚ್ಚಿಕೊಂಡ ಸಂಸಾರಗಳು ನಮ್ಮಲ್ಲಿ ಉಂಟು. ಅಂಥವರಿಗೆ, "ನಿಮ್ಮ ಖಾತೆಯಲ್ಲಿ ಸಂಶಯಾಸ್ಪದ ವ್ಯವಹಾರ ಕಂಡುಬಂದಿರುವುದರಿಂದ ಅದನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿದೆ, 24 ಗಂಟೆಗಳೊಳಗೆ ಈ ಕೆಳಗಿನ ಲಿಂಕನ್ನು ಒತ್ತಿ ವಿವರಗಳನ್ನು ದೃಢಪಡಿಸತಕ್ಕದ್ದು" ಎಂಬ ಇಮೇಲ್ ಬೆಳಗಿನ ಹೊತ್ತು ಬಂದು ನಿಂತರೆ, ಎದೆ ಧಸಕ್ಕೆನ್ನದೆ ಇರುವುದು ಹೇಗೆ? ಆ ಧಸಕ್ಕೆಂಬ ಕ್ಷಣವೇ ವಂಚಕನ ಬಂಡವಾಳ.

ಫಿಷಿಂಗ್ ಎಂದು ಕರೆಯಲ್ಪಡುವ ಈ ವಂಚನೆಯನ್ನು ಗುರುತಿಸುವ ಲಕ್ಷಣಗಳ ಪಟ್ಟಿಯೊಂದನ್ನು ಬ್ಯಾಂಕುಗಳೂ ಪೊಲೀಸರೂ ಪತ್ರಿಕೆಗಳೂ ಬಹುಕಾಲದಿಂದ ಜನರಿಗೆ ಒಪ್ಪಿಸುತ್ತ ಬಂದಿದ್ದಾರೆ. ಆ ಪಟ್ಟಿ ನಿರರ್ಥಕವೆಂದು ಯಾರೂ ಹೇಳಲಾರರು. ಆದರೆ ಅದರ ಅರ್ಧಭಾಗ ಈಗ ಸವೆದುಹೋಗಿದೆಯೆಂಬುದನ್ನೂ, ಉಳಿದ ಅರ್ಧವು ಎಲ್ಲ ಭಾರವನ್ನೂ ಓದುಗನ ಕಣ್ಣಿನ ಮೇಲೆಯೇ ಹೊರಿಸಿ ಇತರರನ್ನು ಋಣಮುಕ್ತರನ್ನಾಗಿ ಮಾಡುತ್ತಿದೆಯೆಂಬುದನ್ನೂ ನಾವು ವಿಚಾರಿಸಿ ನೋಡಬೇಕಾಗಿದೆ.

ಈ ವಿದ್ಯೆ ಹೊಸದೇನಲ್ಲ. 1990ರ ದಶಕದ ನಡುವಿನಲ್ಲಿ, ಅಮೆರಿಕ ಆನ್‌ಲೈನ್ ಎಂಬ ಅಂತರ್ಜಾಲ ಸೇವೆಯ ಸಿಬ್ಬಂದಿಯೆಂದು ಹೇಳಿಕೊಂಡು ಚಂದಾದಾರರಿಂದ ಪಾಸ್‌ವರ್ಡ್‌ಗಳನ್ನು ಕೇಳಿ ಪಡೆಯುತ್ತಿದ್ದವರಿಂದ ಇದು ಮೊದಲಾಯಿತು. 1998ರಲ್ಲಿ ಹುಟ್ಟಿದ ಪೇಪಾಲ್ ಸಂಸ್ಥೆಗೆ ಇನ್ನೂ ಎರಡು ವರ್ಷ ತುಂಬುತ್ತಿದ್ದಾಗಲೇ, ಅದರ ಹೆಸರಿನ ಕೊನೆಯ 'ಎಲ್' ಅಕ್ಷರದ ಸ್ಥಾನದಲ್ಲಿ ಇಂಗ್ಲಿಷಿನ ದೊಡ್ಡ 'ಐ' ಅಕ್ಷರವನ್ನು ಕೂರಿಸಿದ ನಕಲಿ ತಾಣವೊಂದು ತಲೆಯೆತ್ತಿತು. ಪರದೆಯ ಮೇಲೆ ಆ ಎರಡು ಅಕ್ಷರಗಳೂ ಒಂದೇ ನೇರ ಗೆರೆಯಾಗಿ ತೋರುತ್ತಿದ್ದುದರಿಂದ, ಸಾವಧಾನದಿಂದ ಓದಿದವನಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಪಾವತಿ ಖಾತೆ ಹುಟ್ಟಿದೊಡನೆಯೇ ಅದರ ನೆರಳೂ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದಕ್ಕೆ ಅವಕಾಶ ಮಾಡಿಕೊಟ್ಟ ಮೂಲದೋಷ ಇಮೇಲಿನ ರಚನೆಯಲ್ಲಿಯೇ ಇದೆ. ಇಂದಿಗೂ ಇಮೇಲ್ ಸಾಗುವುದಕ್ಕೆ ಆಧಾರವಾಗಿರುವ ನಿಯಮಾವಳಿ 1982ರಲ್ಲಿ, ಪರಸ್ಪರ ಪರಿಚಿತರಾದ ಕೆಲವೇ ವಿದ್ವಾಂಸರೂ ಸಂಶೋಧನಾಲಯಗಳೂ ಬಳಸುತ್ತಿದ್ದ ಜಾಲಕ್ಕಾಗಿ ಬರೆಯಲ್ಪಟ್ಟದ್ದು. ಕಳುಹಿಸಿದವನು ತಾನಾರೆಂದು ಹೇಳಿಕೊಳ್ಳುತ್ತಾನೋ ಅದನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಚೆಯ ಲಕೋಟೆಯ ಹಿಂಬದಿಯಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದಾದಂತೆ, ಇಮೇಲಿನ 'ಇವರಿಂದ' ಎಂಬ ಸಾಲನ್ನೂ ಕಳುಹಿಸುವವನು ತನ್ನ ಇಚ್ಛೆಯಂತೆ ತುಂಬಬಹುದು. ಈ ಕೊರತೆಯನ್ನು ತುಂಬಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷಾಕ್ರಮಗಳು ಒಂದರ ಹಿಂದೊಂದು ಬಂದವು. ಇವುಗಳ ಪೈಕಿ 2012ರಲ್ಲಿ ಪ್ರಕಟವಾದ ಡಿಮಾರ್ಕ್ ಕ್ರಮವನ್ನು ರೂಪಿಸಿದವರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಯಾಹೂಗಳೊಡನೆ ಪೇಪಾಲ್ ಕೂಡ ಇದ್ದಿತು. ಒಂದು ಸಂಸ್ಥೆ ತನ್ನ ವಿಳಾಸಕ್ಕೆ ಈ ಕ್ರಮವನ್ನು ಬಿಗಿಯಾಗಿ ಅನ್ವಯಿಸಿಕೊಂಡರೆ, ಆ ವಿಳಾಸವನ್ನೇ ಕದ್ದು ಬರೆದ ಇಮೇಲುಗಳಲ್ಲಿ ಬಹುಪಾಲು ಓದುಗನನ್ನು ತಲಪುವ ಮುನ್ನವೇ ತಡೆಯಲ್ಪಡುವುವು. ಆದರೆ ವಿಳಾಸವನ್ನು ಕದಿಯದೆ, ಅದನ್ನು ಹೋಲುವ ಬೇರೊಂದು ವಿಳಾಸವನ್ನು ಕೆಲವು ನೂರು ರೂಪಾಯಿಗಳಿಗೆ ಕೊಂಡುಕೊಂಡವನನ್ನು ಈ ಕ್ರಮಗಳು ಏನೂ ಮಾಡಲಾರವು. ಏಕೆಂದರೆ ಆತನ ವಿಳಾಸ ತಾಂತ್ರಿಕವಾಗಿ ಆತನದೇ ಅಲ್ಲವೆ?

ಹೀಗೆ ಯಂತ್ರವು ಕೈಬಿಟ್ಟ ಕೆಲಸ ಮನುಷ್ಯನ ಕಣ್ಣಿಗೆ ಬರುತ್ತದೆ. ಆ ಕಣ್ಣಿಗೆ ನಾವು ಕೊಟ್ಟಿರುವ ಉಪದೇಶಗಳಾದರೂ ಎಂಥವು? ಕಾಗುಣಿತದ ತಪ್ಪುಗಳನ್ನು ನೋಡಿ ಎಂಬುದು ಮೊದಲನೆಯದು. ಒಡಕು ಇಂಗ್ಲಿಷಿನಲ್ಲಿ ಮೋಸದ ಪತ್ರಗಳು ಬರುತ್ತಿದ್ದ ಕಾಲಕ್ಕೆ ಇದು ಸಲ್ಲುತ್ತಿತ್ತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿರ್ದುಷ್ಟವಾದ ಇಂಗ್ಲಿಷನ್ನೂ ಒಪ್ಪುವಂಥ ಕನ್ನಡವನ್ನೂ ಯಾರು ಬೇಕಾದರೂ ಕ್ಷಣಾರ್ಧದಲ್ಲಿ ಬರೆಸಿಕೊಳ್ಳಬಹುದಾದ ಈ ದಿನಗಳಲ್ಲಿ, ವ್ಯಾಕರಣಶುದ್ಧಿಯನ್ನು ಪ್ರಾಮಾಣಿಕತೆಯ ಸಾಕ್ಷಿಯೆಂದು ಪರಿಗಣಿಸುವುದು ಅಪಾಯಕರವಾದ ಭ್ರಮೆ. ಬೀಗದ ಚಿಹ್ನೆಯನ್ನು ನೋಡಿ ಎಂಬುದು ಎರಡನೆಯದು. ಆ ಚಿಹ್ನೆ ಹೇಳುತ್ತಿದ್ದುದು ಇಷ್ಟೆ: ನಿಮ್ಮ ಕಂಪ್ಯೂಟರಿಗೂ ಆ ತಾಣಕ್ಕೂ ನಡುವೆ ಸಾಗುವ ಮಾತನ್ನು ಮೂರನೆಯವನು ಓದಲಾರನೆಂದು. ತಾಣದ ಒಡೆಯನು ಸಜ್ಜನನೆಂದು ಅದು ಎಂದೂ ಹೇಳಿರಲಿಲ್ಲ. 2015ರ ಬಳಿಕ ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೇ ದೊರೆಯುವಂತಾದುದರಿಂದ ನಕಲಿ ತಾಣಗಳೂ ಬೀಗ ಧರಿಸಿಕೊಂಡವು. ಜನ ಇದನ್ನು ತಪ್ಪಾಗಿ ಅರ್ಥೈಸುತ್ತಿರುವರೆಂಬ ಕಾರಣದಿಂದಲೇ ಗೂಗಲ್ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಚಿಹ್ನೆಯನ್ನು ತೆಗೆದುಹಾಕಿತು. ಆದರೂ ನಮ್ಮ ಅನೇಕ ಸೂಚನಾಫಲಕಗಳಲ್ಲಿ ಆ ಬೀಗ ಇನ್ನೂ ತೂಗಾಡುತ್ತಿದೆ.

ವಿಳಾಸವನ್ನು ಪರೀಕ್ಷಿಸಿ ಎಂಬ ಮೂರನೆಯ ಉಪದೇಶ ಇವೆರಡಕ್ಕಿಂತ ಬೆಲೆಯುಳ್ಳದ್ದು. ಆದರೆ ಪರೀಕ್ಷಿಸುವ ಬಗೆಯನ್ನು ಹೇಳಿಕೊಡುವವರು ವಿರಳ. ಲಿಂಕನ್ನು ಒತ್ತದೆ, ಕಂಪ್ಯೂಟರಿನಲ್ಲಾದರೆ ಮೌಸನ್ನು ಅದರ ಮೇಲೆ ನಿಲ್ಲಿಸಿಯೂ, ಮೊಬೈಲಿನಲ್ಲಾದರೆ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದೂ ಅದರ ನಿಜವಾದ ವಿಳಾಸವನ್ನು ಕಾಣಬಹುದು. 'ಪೇಪಾಲ್.ಕಾಂ.ಅಕೌಂಟ್-ವೆರಿಫೈ.ನೆಟ್' ಎಂದು ಅದು ಇದ್ದರೆ, ಎಡದಿಂದ ಓದುವ ಕಣ್ಣಿಗೆ ಪೇಪಾಲ್ ಎಂಬ ಪರಿಚಿತ ನಾಮವೇ ಮೊದಲು ಸಿಕ್ಕಿ ಮನಸ್ಸು ಸಮಾಧಾನಗೊಳ್ಳುವುದು; ಆದರೆ ಜಾಲವಿಳಾಸದ ಒಡೆತನವನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲ ಒಂಟಿ ಓರೆಗೆರೆಗೆ ಹಿಂದಿನ ಕೊನೆಯ ಎರಡು ಭಾಗಗಳು, ಕೋ.ಇನ್ ಮುಂತಾದ ವಿಳಾಸಗಳಲ್ಲಿ ಮೂರು ಭಾಗಗಳು, ನಿಜವಾದ ಒಡೆಯನನ್ನು ತಿಳಿಸುವುವು. ಎಡಗಡೆಯದೆಲ್ಲ ಆ ಒಡೆಯನು ತನಗೆ ತೋಚಿದಂತೆ ಬರೆದುಕೊಂಡ ಅಲಂಕಾರ. ಮೇಲಿನ ಉದಾಹರಣೆಯಲ್ಲಿ ತಾಣದ ಒಡೆಯ 'ಅಕೌಂಟ್-ವೆರಿಫೈ.ನೆಟ್' ಎಂಬುದನ್ನು ಕೊಂಡವನೇ ಹೊರತು ಪೇಪಾಲ್ ಅಲ್ಲ. ಇಷ್ಟು ಕಲಿತ ಮೇಲೂ ಕಣ್ಣು ಸೋಲುವ ಸಂದರ್ಭಗಳಿವೆ. ರೋಮನ್ ಲಿಪಿಯ 'ಎ' ಅಕ್ಷರವನ್ನು ರಷ್ಯನ್ನರ ಸಿರಿಲಿಕ್ ಲಿಪಿಯ ಅಂಥದೇ ಅಕ್ಷರದಿಂದ ಬೇರ್ಪಡಿಸುವುದು ಯಾವ ನೇತ್ರಕ್ಕೂ ಸಾಧ್ಯವಿಲ್ಲ. ಈ ಉಪಾಯದಿಂದ ಆಪಲ್ ಸಂಸ್ಥೆಯ ವಿಳಾಸದಂತೆಯೇ ಕಾಣುವ ವಿಳಾಸವನ್ನು 2017ರಲ್ಲಿ ಸಂಶೋಧಕನೊಬ್ಬನು ಕಟ್ಟಿ ತೋರಿಸಿದ ಮೇಲೆ ಬ್ರೌಸರುಗಳನ್ನು ತಿದ್ದಬೇಕಾಯಿತು. 2006ರಲ್ಲಿ ಹಾರ್ವರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿದ್ವಾಂಸರು ನಡೆಸಿದ ಪ್ರಯೋಗದಲ್ಲಿ ಚೆನ್ನಾಗಿ ಕಟ್ಟಿದ ನಕಲಿ ತಾಣವೊಂದು, ಮೋಸವಿರಬಹುದೆಂದು ಮೊದಲೇ ತಿಳಿದು ನೋಡುತ್ತಿದ್ದವರಲ್ಲಿಯೂ ನೂರಕ್ಕೆ 90 ಮಂದಿಯನ್ನು ವಂಚಿಸಿತು. ಪರೀಕ್ಷೆಯಲ್ಲಿ ಭಾಗವಹಿಸಿದವರು ಕೇವಲ 22 ಜನರೆಂಬುದು ನಿಜ. ಆದರೆ ಎಚ್ಚರಿಕೆಯೊಂದೇ ಸಾಲದೆಂಬ ಪಾಠಕ್ಕೆ ಅಷ್ಟು ಸಾಕು.

ಇದಕ್ಕೂ ಸೂಕ್ಷ್ಮವಾದ ಇನ್ನೊಂದು ಪ್ರಕಾರವಿದೆ. ಅಲ್ಲಿ ಇಮೇಲ್ ನಕಲಿಯೇ ಅಲ್ಲ. ಪೇಪಾಲ್‌ನಲ್ಲಿ ಖಾತೆಯುಳ್ಳ ಯಾವ ವರ್ತಕನೂ ಮತ್ತೊಬ್ಬನಿಗೆ ಇನ್‌ವಾಯ್ಸ್ ಕಳುಹಿಸಬಹುದಾಗಿದ್ದು, ಅದು ಆ ಸಂಸ್ಥೆಯ ಸ್ವಂತ ಯಂತ್ರಗಳಿಂದಲೇ, ಅದರ ನಿಜವಾದ ವಿಳಾಸದಿಂದಲೇ ಹೊರಡುತ್ತದೆ. ವಂಚಕನು ಇದನ್ನೇ ಹಿಡಿದು, ನೀವು ಕೊಳ್ಳದ ದುಬಾರಿ ಫೋನಿಗೋ ಕಂಪ್ಯೂಟರ್ ರಕ್ಷಣಾ ತಂತ್ರಾಂಶಕ್ಕೋ ಬೆಲೆಪಟ್ಟಿ ತಯಾರಿಸಿ, ಷರಾ ಬರೆಯುವ ಸ್ಥಳದಲ್ಲಿ "ಈ ಖರೀದಿ ನಿಮ್ಮದಲ್ಲವಾದರೆ ಕೂಡಲೇ ಈ ಸಂಖ್ಯೆಗೆ ಕರೆಮಾಡಿ" ಎಂದು ತನ್ನದೇ ದೂರವಾಣಿ ಸಂಖ್ಯೆಯನ್ನು ನಮೂದಿಸುತ್ತಾನೆ. ವಿಳಾಸ ಸರಿ, ಸಹಿ ಸರಿ, ಲಿಂಕೂ ಸರಿ. ಸುಳ್ಳಾಗಿರುವುದು ಷರಾದ ಒಂದು ಸಾಲು ಮಾತ್ರ. ಗಾಬರಿಗೊಂಡು ಕರೆಮಾಡಿದವನಿಂದ, ಹಣ ಹಿಂದಿರುಗಿಸುವ ನೆಪದಲ್ಲಿ, ಆತನ ಕಂಪ್ಯೂಟರಿನ ಹತೋಟಿಯನ್ನೇ ದೂರದಿಂದ ಕೈವಶ ಮಾಡಿಕೊಳ್ಳುವುದುಂಟು. ಲಕ್ಷಣಗಳ ಪಟ್ಟಿಯನ್ನು ಕಂಠಪಾಠ ಮಾಡಿದವನೂ ಇಲ್ಲಿ ನಿರುಪಾಯ.

ಆದುದರಿಂದ ಇಮೇಲ್ ಸಾಚಾ ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಶ್ರಮವನ್ನೇ ಬಿಟ್ಟುಬಿಡುವುದು ಲೇಸು. ಹಣದ ವಿಷಯವಾಗಿ ಬಂದ ಯಾವ ಇಮೇಲನ್ನೂ ಸುದ್ದಿಯೆಂದು ಓದಬಹುದು, ಆದರೆ ಅದರ ಲಿಂಕನ್ನಾಗಲಿ ದೂರವಾಣಿ ಸಂಖ್ಯೆಯನ್ನಾಗಲಿ ಬಳಸಕೂಡದು. ಖಾತೆಯನ್ನು ನೋಡಬೇಕಾದರೆ ನಾವೇ ವಿಳಾಸವನ್ನು ಟೈಪು ಮಾಡಿ, ಇಲ್ಲವೆ ಮೊದಲೇ ಇಳಿಸಿಕೊಂಡ ಆ್ಯಪನ್ನು ತೆರೆದು ನೋಡತಕ್ಕದ್ದು. ನಿರ್ಬಂಧವೋ ಬಾಕಿಯೋ ನಿಜವಾಗಿದ್ದರೆ ಅದು ಅಲ್ಲಿಯೂ ಕಾಣಿಸುವುದು. ಅಲ್ಲಿ ಕಾಣದ ಗಂಡಾಂತರ ಇಮೇಲಿನಲ್ಲಿ ಮಾತ್ರ ಇದ್ದರೆ ಅದು ಗಂಡಾಂತರವೇ ಅಲ್ಲ. ಒಟಿಪಿ ಇದೆಯೆಂದು ಧೈರ್ಯಗೊಳ್ಳುವುದೂ ಸಲ್ಲದು. ನಕಲಿ ತಾಣದಲ್ಲಿ ನೀವು ಬರೆದ ಒಟಿಪಿಯನ್ನು ವಂಚಕನ ಯಂತ್ರ ಅದೇ ನಿಮಿಷದಲ್ಲಿ ಅಸಲಿ ತಾಣಕ್ಕೆ ದಾಟಿಸಬಲ್ಲದು. ಪಾಸ್‌ವರ್ಡ್‌ಗೆ ಬದಲಾಗಿ ಬರುತ್ತಿರುವ ಪಾಸ್‌ಕೀ ಎಂಬ ವ್ಯವಸ್ಥೆಯಾದರೋ ತಾಣದ ನಿಜವಾದ ವಿಳಾಸಕ್ಕೆ ಗಂಟುಹಾಕಲ್ಪಟ್ಟಿರುವುದರಿಂದ, ನಕಲಿ ತಾಣದ ಮುಂದೆ ಅದು ಕೆಲಸವನ್ನೇ ಮಾಡುವುದಿಲ್ಲ. ಕಣ್ಣು ಮೋಸಹೋದರೂ ಅದು ಮೋಸಹೋಗದು. ಖಾತೆಯಲ್ಲಿ ಆ ಸೌಕರ್ಯವಿದ್ದರೆ ಇಂದೇ ಅಳವಡಿಸಿಕೊಳ್ಳುವುದು ವಿವೇಕ.

ಇಷ್ಟು ಗ್ರಾಹಕನ ಕರ್ತವ್ಯವಾಯಿತು. ಹಣವನ್ನು ಕಾಯುವ ಸಂಸ್ಥೆಗಳ ಕರ್ತವ್ಯವೇನು? "ಲಿಂಕನ್ನು ಒತ್ತಬೇಡಿ" ಎಂದು ಸೋಮವಾರ ಎಚ್ಚರಿಸುವ ಬ್ಯಾಂಕು, "ಈ ಲಿಂಕನ್ನು ಒತ್ತಿ ನಿಮ್ಮ ಕೊಡುಗೆಯನ್ನು ಪಡೆಯಿರಿ" ಎಂದು ಮಂಗಳವಾರ ತಾನೇ ಕರೆಯುವುದನ್ನು ನಾವು ನಿತ್ಯವೂ ಕಾಣುತ್ತಿದ್ದೇವೆ. ಅದೂ ಅನೇಕ ಸಲ ಬ್ಯಾಂಕಿನ ಸ್ವಂತ ವಿಳಾಸದಿಂದಲ್ಲ, ಅದು ನೇಮಿಸಿಕೊಂಡ ಪ್ರಚಾರಸಂಸ್ಥೆಯ ಅಪರಿಚಿತ ವಿಳಾಸದಿಂದ. ಒತ್ತುವ ಅಭ್ಯಾಸವನ್ನು ಹೀಗೆ ತಾವೇ ಬೆಳೆಸಿ, ಒತ್ತಿದವನು ಕಳೆದುಕೊಂಡಾಗ ಅಜಾಗರೂಕನೆಂದು ದೂಷಿಸುವುದು ಯಾವ ನ್ಯಾಯ? ಬ್ಯಾಂಕುಗಳೆಲ್ಲವೂ 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು 'ಬ್ಯಾಂಕ್.ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಒಯ್ಯತಕ್ಕದ್ದೆಂದು ರಿಸರ್ವ್ ಬ್ಯಾಂಕ್ ಆಜ್ಞಾಪಿಸಿದುದು ಸರಿಯಾದ ದಿಕ್ಕಿನ ಹೆಜ್ಜೆ. ಬಲದಿಂದ ಓದಬಲ್ಲವನಿಗೆ ಈಗ ಒಂದು ಖಚಿತವಾದ ಗುರುತು ದೊರೆತಿದೆ. ಆದರೆ ಬ್ಯಾಂಕಲ್ಲದ ಪಾವತಿ ಸಂಸ್ಥೆಗಳಿಗೆ ಆ ಗುರುತಿನ ಆಶ್ರಯವಿಲ್ಲ.

ನ್ಯಾಯಶಾಸನವೂ ಇಲ್ಲಿ ಸಂದಿಗ್ಧದಲ್ಲಿದೆ. 2005ರಲ್ಲಿ ದೆಹಲಿ ಹೈಕೋರ್ಟು, ತಂತ್ರಾಂಶ ಉದ್ಯಮಗಳ ಸಂಘಟನೆಯಾದ ನಾಸ್‌ಕಾಂ ಹೂಡಿದ ದಾವೆಯಲ್ಲಿ, ಪ್ರತ್ಯೇಕ ಕಾಯಿದೆ ಇಲ್ಲದಿದ್ದ ಆ ಕಾಲದಲ್ಲಿಯೇ, ಫಿಷಿಂಗ್ ಕಾನೂನುಬಾಹಿರವೆಂದು ಸಾರಿತು. ಬಳಿಕ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿದ 66ಡಿ ವಿಧಿ, ಕಂಪ್ಯೂಟರಿನ ಮೂಲಕ ಮತ್ತೊಬ್ಬರ ವೇಷದಲ್ಲಿ ವಂಚಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿತು. ಆದರೆ ವಂಚಕನು ಸಿಕ್ಕುವುದು ಅಪರೂಪ. ಕಳೆದುಕೊಂಡವನ ಪ್ರಶ್ನೆ ನಷ್ಟವನ್ನು ಯಾರು ಭರಿಸಬೇಕೆಂಬುದು. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ದೋಷ ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಮೂರನೆಯವನದಾಗಿದ್ದು, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಆತನಿಗೆ ಯಾವ ನಷ್ಟವೂ ತಗಲಕೂಡದೆಂದು ವಿಧಿಸಿತು. ಗ್ರಾಹಕನ ಹೊಣೆಯನ್ನು ರುಜುವಾತುಪಡಿಸುವ ಭಾರವನ್ನೂ ಬ್ಯಾಂಕಿನ ಮೇಲೆಯೇ ಇಟ್ಟಿತು. ಆದರೆ ಅದೇ ಸುತ್ತೋಲೆ, ಗ್ರಾಹಕನು ತನ್ನ ಗುಪ್ತವಿವರಗಳನ್ನು ಅಜಾಗರೂಕತೆಯಿಂದ ಹಂಚಿಕೊಂಡಿದ್ದರೆ, ದೂರು ಕೊಡುವವರೆಗಿನ ಪೂರ್ತಿ ನಷ್ಟ ಆತನದೇ ಎಂದೂ ಹೇಳಿತು. ಫಿಷಿಂಗ್‌ಗೆ ಒಳಗಾದವನ ದುರ್ದೈವ ಈ ವಾಕ್ಯದಲ್ಲಿಯೇ ಇದೆ. ಏಕೆಂದರೆ ಆತನು ವಿವರಗಳನ್ನು ಹಂಚಿಕೊಂಡದ್ದು ನಿಜ, ಆದರೆ ಬ್ಯಾಂಕಿನೊಡನೆಯೇ ಹಂಚಿಕೊಳ್ಳುತ್ತಿದ್ದೇನೆಂದು ನಂಬಿ. ನಂಬುವಂತೆ ಮಾಡಲ್ಪಟ್ಟವನನ್ನು ಅಜಾಗರೂಕನೆನ್ನಬಹುದೆ? ಬೇರೊಂದು ದೃಷ್ಟಿ ಸಾಧ್ಯವೆಂಬುದಕ್ಕೆ ನಿದರ್ಶನವೂ ಉಂಟು: ಅಬುಧಾಬಿಯಲ್ಲಿದ್ದ ಭಾರತೀಯನೊಬ್ಬನು ಮೋಸದ ಇಮೇಲಿಗೆ ಉತ್ತರಿಸಿ ಹಣ ಕಳೆದುಕೊಂಡಾಗ, ಬ್ಯಾಂಕೇ ತಕ್ಕ ಎಚ್ಚರ ವಹಿಸಲಿಲ್ಲವೆಂದು ನಿರ್ಣಯಿಸಿ, ಸುಮಾರು 12.85 ಲಕ್ಷ ರೂಪಾಯಿಗಳನ್ನು ತೆರುವಂತೆ 2010ರಲ್ಲಿ ತಮಿಳುನಾಡಿನ ನ್ಯಾಯನಿರ್ಣಯಾಧಿಕಾರಿ ಆದೇಶಿಸಿದರು. ಆ ದೃಷ್ಟಿ ಅಪವಾದವಾಗಿ ಉಳಿಯದೆ ನಿಯಮವಾಗಬೇಕಾಗಿದೆ. ತನ್ನ ವಿಳಾಸವನ್ನು ಡಿಮಾರ್ಕ್‌ನಿಂದ ರಕ್ಷಿಸದ, ಗ್ರಾಹಕರಿಗೆ ಲಿಂಕುಳ್ಳ ಪ್ರಚಾರಪತ್ರಗಳನ್ನು ಕಳುಹಿಸುವ, ಪಾಸ್‌ಕೀಯನ್ನು ಒದಗಿಸದ ಸಂಸ್ಥೆ, ಗ್ರಾಹಕನ ಅಜಾಗರೂಕತೆಯ ವಾದವನ್ನು ಮುಂದೊಡ್ಡುವ ಅಧಿಕಾರವನ್ನೇ ಕಳೆದುಕೊಳ್ಳುವಂತೆ ನಿಯಮವನ್ನು ತಿದ್ದುವುದು ಉಚಿತ.

ಆ ತಿದ್ದುಪಡಿ ಬರುವವರೆಗೆ ಕಾಲವೇ ಗ್ರಾಹಕನ ಮುಖ್ಯ ಆಸರೆ. ಮೋಸಹೋದೆನೆಂಬ ಅನುಮಾನ ಬಂದೊಡನೆ, ನಾಚಿಕೆಯನ್ನು ಬದಿಗಿಟ್ಟು, ಖಾತೆಯ ಪಾಸ್‌ವರ್ಡನ್ನು ಅಸಲಿ ತಾಣದಲ್ಲಿ ಬದಲಾಯಿಸಿ, ಆ ಸಂಸ್ಥೆಗೂ ಅದಕ್ಕೆ ಜೋಡಿಸಿದ ಕಾರ್ಡಿನ ಬ್ಯಾಂಕಿಗೂ ತಿಳಿಸಿ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿರಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ಸರಿಯುವ ಮುನ್ನ ಅದನ್ನು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಮರೆಯಬೇಡಿ. ನಷ್ಟದ ಹೊಣೆ ಯಾರದೆಂಬ ವಾದ ಎದ್ದಾಗ, ನೀವು ಎಂದು ತಿಳಿಸಿದಿರೆಂಬುದಕ್ಕೆ ಅದೇ ಸಾಕ್ಷಿ.