ಗದ್ದೆಯ ನೀರು, ಸೊಳ್ಳೆ ಮತ್ತು ಮಗುವಿನ ಮಿದುಳು

ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಎರಡು ಬೆಳೆ: ಕಬ್ಬು ಮತ್ತು ಭತ್ತ. ಹೊಸದಾಗಿ ನಾಟಿಯಾದ ಗದ್ದೆಯಲ್ಲಿ ನಿಂತ ನೀರು, ಬದುವಿನ ಮೇಲೆ ಬೆಳ್ಳಕ್ಕಿ, ಸಂಜೆ ಕೊಟ್ಟಿಗೆಗೆ ಮರಳುವ ದನಗಳು, ಊರಂಚಿನ ಚರಂಡಿಯಲ್ಲಿ ಹೊರಳುವ ಹಂದಿ, ಜಗಲಿಯ ಮೇಲೆ ಕುಳಿತು ಪಾಠ ಓದುವ ಮಕ್ಕಳು. ನೋಡಲು ಹಿತವಾದ ಚಿತ್ರ. ಆದರೆ ಒಂದು ಭೀಕರ ರೋಗದ ಪಾತ್ರಧಾರಿಗಳೆಲ್ಲರೂ ಇದೇ ಚಿತ್ರದಲ್ಲಿ ಇದ್ದಾರೆ. ಆ ರೋಗದ ಹೆಸರು ಜಪಾನೀಸ್ ಎನ್‌ಸೆಫಲೈಟಿಸ್. ಜನರ ಬಾಯಲ್ಲಿ ಅದು ಮಿದುಳು ಜ್ವರ.

ಜಪಾನಿನ ಹೆಸರು ಹೊತ್ತ ರೋಗ ಮಂಡ್ಯದ ಹಳ್ಳಿಗೆ ಬಂದದ್ದು ಹೇಗೆ? ಅದು ಮಕ್ಕಳನ್ನೇ ಏಕೆ ಹಿಡಿಯುತ್ತದೆ? ತಡೆಯುವುದು ಸಾಧ್ಯವೇ?

ನೀರು ಬಂತು, ಸೊಳ್ಳೆಯೂ ಬಂತು

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1930ರ ದಶಕದ ಆರಂಭದಲ್ಲಿ ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಎಲ್ಲರೂ ಕರೆಯುವುದು ಅದನ್ನೇ. ರಾಗಿ ಬೆಳೆಯುತ್ತಿದ್ದ ಒಣಭೂಮಿ ಗದ್ದೆಯಾಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯ ಅನ್ನ, ಓದು, ಮದುವೆ, ಮನೆ ಎಲ್ಲವೂ ಆ ನೀರಿನ ಋಣ.

ಆದರೆ ನಿಂತ ನೀರು ಭತ್ತಕ್ಕೆ ಮಾತ್ರ ಇಷ್ಟವಲ್ಲ. ನಾಲೆ ಬಂದ ಮೊದಲ ವರ್ಷಗಳಲ್ಲೇ ಮಲೇರಿಯಾ ಈ ಹಳ್ಳಿಗಳನ್ನು ಕಾಡಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಡಿಡಿಟಿ ಸಿಂಪಡಣೆಯಿಂದ ಅದರ ಹಾವಳಿ ತಗ್ಗಿತು. ಅದು ಅನಾಫಿಲಿಸ್ ಜಾತಿಯ ಸೊಳ್ಳೆಯ ಕಥೆ. ಮಿದುಳು ಜ್ವರದ ಕಥೆಯಲ್ಲಿ ಬರುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಅದರಲ್ಲೂ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ಎಂಬ ಉದ್ದ ಹೆಸರಿನ ಸಣ್ಣ ಸೊಳ್ಳೆ. ಮನೆಯ ತೊಟ್ಟಿ, ಹೂಕುಂಡಗಳಿಗಿಂತ ಗದ್ದೆಯ ನೀರೇ ಅದಕ್ಕೆ ಪ್ರಿಯ.

ಜಪಾನಿನಲ್ಲಿ 1924ರಲ್ಲಿ ಈ ರೋಗ 6 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು, ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತ್ತು. 1935ರಲ್ಲಿ ಅಲ್ಲಿನ ವಿಜ್ಞಾನಿಗಳು ರೋಗಿಯೊಬ್ಬನ ಮಿದುಳಿನಿಂದ ವೈರಸ್ಸನ್ನು ಬೇರ್ಪಡಿಸಿದರು. ಜಪಾನಿನ ಹೆಸರು ಅಂಟಿಕೊಂಡದ್ದು ಹೀಗೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ, ಬರ್ದ್ವಾನ್ ಜಿಲ್ಲೆಗಳಲ್ಲಿ ದೊಡ್ಡದಾಗಿ ಹರಡಿತು. 1970ರ ದಶಕದ ಕೊನೆಯಿಂದ ಕರ್ನಾಟಕದ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳ ಹೆಸರು ಈ ಪಟ್ಟಿಗೆ ಸೇರಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ತಜ್ಞರು ಈ ಜಿಲ್ಲೆಗಳ ಹಳ್ಳಿಗಳಲ್ಲಿ ಸೊಳ್ಳೆ ಹಿಡಿದು ಪರೀಕ್ಷಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಜ್ವರದಿಂದ ಪ್ರಜ್ಞೆ ತಪ್ಪಿದ ಮಕ್ಕಳ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಹೀಗೆ ರೋಗದ ಜಾಡು ಒಂದೊಂದಾಗಿ ಬಿಡಿಸಿಕೊಂಡಿತು.

ಕೊಂಡಿಗಳ ಸರಪಳಿ

ಈ ವೈರಸ್ಸಿನ ನಿಜವಾದ ಮನೆ ಮನುಷ್ಯನಲ್ಲ. ಬೆಳ್ಳಕ್ಕಿ, ಬಕದಂಥ ನೀರುಹಕ್ಕಿಗಳು. ಹಕ್ಕಿಗೆ ಇದರಿಂದ ತೊಂದರೆಯಿಲ್ಲ. ಹಕ್ಕಿಯನ್ನು ಕಚ್ಚಿದ ಸೊಳ್ಳೆ ಹಂದಿಯನ್ನು ಕಚ್ಚಿದರೆ ವೈರಸ್ಸಿಗೆ ಸುಗ್ಗಿ. ಹಂದಿಯ ರಕ್ತದಲ್ಲಿ ಅದು ಕೆಲವೇ ದಿನಗಳಲ್ಲಿ ಅಪಾರವಾಗಿ ಹೆಚ್ಚುತ್ತದೆ. ಗಬ್ಬದ ಹಂದಿ ಕಂದು ಹಾಕಬಹುದು ಎಂಬುದನ್ನು ಬಿಟ್ಟರೆ ಹಂದಿಯೂ ಆರೋಗ್ಯವಾಗಿಯೇ ಕಾಣುತ್ತದೆ. ಅದನ್ನು ಕಚ್ಚಿದ ನೂರಾರು ಸೊಳ್ಳೆಗಳು ವೈರಸ್ಸನ್ನು ಹೊತ್ತು ಹೊರಡುತ್ತವೆ. ಹೀಗಾಗಿ ವಿಜ್ಞಾನಿಗಳು ಹಂದಿಯನ್ನು ರೋಗದ ವರ್ಧಕ ಎನ್ನುತ್ತಾರೆ.

ದನಗಳ ವಿಷಯ ಬೇರೆ. ಈ ಸೊಳ್ಳೆಗೆ ದನದ ರಕ್ತ ಬಹಳ ಇಷ್ಟ. ಆದರೆ ದನದ ರಕ್ತದಲ್ಲಿ ವೈರಸ್ ಹೆಚ್ಚುವುದಿಲ್ಲ. ದನವನ್ನು ಕಚ್ಚಿದ ಸೊಳ್ಳೆಗೆ ಅಲ್ಲಿಂದ ರೋಗ ಸಿಗದು. ಆದರೆ ಕೊಟ್ಟಿಗೆ ಸೊಳ್ಳೆಗಳನ್ನು ಮನೆಯ ಹತ್ತಿರಕ್ಕೆ ಕರೆತರುವುದೂ ನಿಜ. ಮನೆಗೆ ಅಂಟಿಕೊಂಡ ಕೊಟ್ಟಿಗೆಯ ಪಕ್ಕದಲ್ಲಿ ಮಗುವನ್ನು ಬರಿಮೈಯಲ್ಲಿ ಮಲಗಿಸಬಾರದು.

ಸರಪಳಿಯ ಕೊನೆಗೆ ಸಿಕ್ಕಿಬೀಳುವವನು ಮನುಷ್ಯ. ಅವನ ರಕ್ತದಲ್ಲಿಯೂ ವೈರಸ್ ಸೊಳ್ಳೆಗೆ ದಾಟುವಷ್ಟು ಹೆಚ್ಚುವುದಿಲ್ಲ. ಅಂದರೆ ರೋಗ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಕಾಯಿಲೆ ಬಿದ್ದ ಮಗುವಿನ ಮನೆಯನ್ನು ದೂರವಿಡುವುದು, ಅದರ ಅಣ್ಣತಂಗಿಯರನ್ನು ಶಾಲೆಗೆ ಬಾರದಂತೆ ತಡೆಯುವುದು ತಪ್ಪು, ಅನ್ಯಾಯ ಕೂಡ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನೆನಪು ಇಲ್ಲಿ ಬರುವುದು ಸಹಜ. ಊರ ಮಧ್ಯದ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳೊಂದಿಗೆ ಆ ಜನ ತಲೆಮಾರುಗಳಿಂದ ಬಾಳಿದ್ದಾರೆ. ಈ ರೋಗದಲ್ಲಿ ಮುಖ್ಯ ಪಾತ್ರ ಬೆಳ್ಳಕ್ಕಿ, ಬಕಗಳ ಕುಟುಂಬದ್ದು. ಹೆಜ್ಜಾರ್ಲೆ, ಕೊಕ್ಕರೆಗಳು ಬೇರೆ ಕುಟುಂಬಗಳ ಹಕ್ಕಿಗಳು. ಬೆಳ್ಳಕ್ಕಿಯನ್ನು ಓಡಿಸಿದರೂ ರೋಗ ಹೋಗದು. ಅದು ಇನ್ನೊಂದು ಗದ್ದೆಗೆ ಹಾರುತ್ತದೆ, ಅಷ್ಟೇ. ಕತ್ತರಿಸಬೇಕಾದ ಕೊಂಡಿಗಳು ಬೇರೆ ಇವೆ.

ಮಿದುಳಿನೊಳಗೆ ಏನಾಗುತ್ತದೆ?

ರೋಗವುಳ್ಳ ಸೊಳ್ಳೆ ಕಚ್ಚಿದ ಎಲ್ಲರಿಗೂ ಮಿದುಳು ಜ್ವರ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ. ಉಳಿದವರಿಗೆ ಸಣ್ಣ ಜ್ವರ, ಅಥವಾ ಅದೂ ಇಲ್ಲ. ಅವರ ದೇಹ ವೈರಸ್ಸನ್ನು ರಕ್ತದಲ್ಲಿಯೇ ಎದುರಿಸಿ ಸೋಲಿಸುತ್ತದೆ, ಮುಂದಕ್ಕೂ ರಕ್ಷಣೆ ಪಡೆಯುತ್ತದೆ. ಈ ಸೀಮೆಯ ದೊಡ್ಡವರಲ್ಲಿ ಅನೇಕರು ತಮಗೆ ತಿಳಿಯದೆಯೇ ಹೀಗೆ ಗೆದ್ದವರು. ಮಕ್ಕಳ ದೇಹಕ್ಕೆ ಈ ಪರಿಚಯ ಇರುವುದಿಲ್ಲ. ರೋಗ ಹೆಚ್ಚಾಗಿ 15 ವರ್ಷದೊಳಗಿನವರನ್ನು ಹಿಡಿಯಲು ಇದೇ ಕಾರಣ.

ರಕ್ತ ಮತ್ತು ಮಿದುಳಿನ ನಡುವೆ ಪ್ರಕೃತಿ ಒಂದು ಬಿಗಿಯಾದ ತಡೆಗೋಡೆ ಕಟ್ಟಿದೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಅದು ಕಾಯುತ್ತದೆ. ಆ ಗೋಡೆಯನ್ನು ವೈರಸ್ ದಾಟಿತೆಂದರೆ ನರಕೋಶಗಳೊಳಗೆ ಸೇರಿ ಬೆಳೆಯತೊಡಗುತ್ತದೆ. ಅದರ ವಿಶೇಷ ದಾಳಿ ಮಿದುಳಿನ ಆಳದಲ್ಲಿರುವ ಥಾಲಮಸ್ ಮೇಲೆ. ದೇಹದ ಎಲ್ಲ ಕಡೆಯಿಂದ ಬರುವ ಸಂದೇಶಗಳು ಹಾದುಹೋಗುವ ಜಂಕ್ಷನ್ ಅದು. ಪಕ್ಕದಲ್ಲಿಯೇ ಚಲನೆಯನ್ನು ಹದವಾಗಿಡುವ ಭಾಗಗಳಿವೆ, ಕೆಳಗೆ ಉಸಿರಾಟವನ್ನು ನಡೆಸುವ ಮಿದುಳುಕಾಂಡವಿದೆ. ರೋಗಿಯ ಮುಖ ಭಾವವಿಲ್ಲದೆ ಬಿಗಿಯುವುದು, ಕೈಕಾಲು ಸೆಡೆಯುವುದು, ನಡುಗುವುದು, ಕೊನೆಗೆ ಉಸಿರೇ ತಪ್ಪುವುದು ಈ ಕಾರಣದಿಂದ. ಊದಿಕೊಂಡ ಮಿದುಳಿಗೆ ಗಟ್ಟಿ ತಲೆಬುರುಡೆಯೊಳಗೆ ಜಾಗ ಸಾಲದು. ತಡೆಯಲಾರದ ತಲೆನೋವು, ವಾಂತಿ, ಮಂಪರು, ಫಿಟ್ಸ್ ಬರುತ್ತವೆ.

ಸೊಳ್ಳೆ ಕಚ್ಚಿದ 4ರಿಂದ 14 ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮಿದುಳಿಗೆ ಇಳಿದ ರೋಗದಲ್ಲಿ 100ಕ್ಕೆ 30ರವರೆಗೆ ಸಾವು ಸಂಭವಿಸಬಹುದು. ಬದುಕಿದವರಲ್ಲಿ 30ರಿಂದ 50ರಷ್ಟು ಮಂದಿಗೆ ಶಾಶ್ವತ ತೊಂದರೆ ಉಳಿಯುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಂದಿಗೂ ಇಲ್ಲ.

ಯಾವ ಕೊಂಡಿ ಕತ್ತರಿಸಬೇಕು?

ಮೊದಲನೆಯದು, ಎಲ್ಲಕ್ಕಿಂತ ಬಲವಾದದ್ದು, ಲಸಿಕೆ. ಹಿಂದೆ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಇಲಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಎಲ್ಲರಿಗೂ ಸಾಲುತ್ತಿರಲಿಲ್ಲ. 2006ರಲ್ಲಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಚೀನಾದಲ್ಲಿ ತಯಾರಾದ ಹೊಸ ಲಸಿಕೆಯ ಅಭಿಯಾನ ಶುರುವಾಯಿತು. 2013ರಲ್ಲಿ ಭಾರತದ್ದೇ ಲಸಿಕೆಯೊಂದು ಬಿಡುಗಡೆಯಾಯಿತು. ಅದಕ್ಕೆ ಬಳಸಿದ ವೈರಸ್ ಯಾವುದು ಗೊತ್ತೇ? 1980ರ ದಶಕದ ಆರಂಭದಲ್ಲಿ ನಮ್ಮ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ್ದು. ಯಾರದೋ ಮನೆಯ ಸಂಕಟದಿಂದ ದೊರೆತ ವೈರಸ್ ಮುಂದೆ ಸಾವಿರಾರು ಮಕ್ಕಳ ಕವಚವಾಯಿತು. ವಿಜ್ಞಾನದ ದಾರಿ ಹೀಗೂ ಇರುತ್ತದೆ.

ರೋಗವಿರುವ ಜಿಲ್ಲೆಗಳಲ್ಲಿ ಈ ಲಸಿಕೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಎರಡನೆಯದನ್ನು ಮರೆಯುವ ತಂದೆತಾಯಿಗಳು ಬಹಳ. ತಾಯಿ ಕಾರ್ಡನ್ನು ಇಂದೇ ತೆಗೆದು ನೋಡುವುದು ಒಳ್ಳೆಯದು. ಎರಡು ಗುರುತುಗಳೂ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಬೇಕು.

ಎರಡನೆಯದು ಗದ್ದೆ. ಸೊಳ್ಳೆಯ ಮೊಟ್ಟೆ ಮರಿಯಾಗಿ, ಮರಿ ರೆಕ್ಕೆ ಪಡೆಯಲು ಬಿಸಿಲಿನ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ಅಷ್ಟರೊಳಗೆ ಒಮ್ಮೆ ಗದ್ದೆ ಆರಿದರೆ ಮರಿಗಳು ಸಾಯುತ್ತವೆ. ಭತ್ತಕ್ಕೆ ಸದಾ ನೀರು ನಿಂತಿರಲೇಬೇಕೆಂದಿಲ್ಲ. ಆರಿಸಿ ನೀರು ಕೊಡುವ ಕ್ರಮದಲ್ಲಿಯೂ ಬೆಳೆ ಬರುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ರೈತರಿಗೆ ಬೇಸರವಾಗುವುದು ಸಹಜ. ಆದರೆ ನಡುವೆ ಗದ್ದೆ ಆರುವುದರಿಂದ ನೀರು ಉಳಿಯುವುದಲ್ಲದೆ ಸೊಳ್ಳೆಯ ಸಂಸಾರವೂ ಮುರಿಯುತ್ತದೆ. ಒಬ್ಬರ ಗದ್ದೆ ಮಾತ್ರ ಆರಿದರೆ ಸಾಲದು, ಒಂದು ಬಯಲಿನವರೆಲ್ಲ ಒಟ್ಟಿಗೆ ಮಾಡಬೇಕು. ಈ ಸೊಳ್ಳೆ ಒಂದೆರಡು ಕಿಲೋಮೀಟರ್ ಹಾರಬಲ್ಲದು.

ಮೂರನೆಯದು ಹಂದಿ. ಅವನ್ನು ಸಾಕುವವರ ಅನ್ನವೂ ಅದೇ ಆದ್ದರಿಂದ ಕೊಲ್ಲುವ ಮಾತು ಪರಿಹಾರವಲ್ಲ. ಬೀದಿಗೆ ಬಿಡದೆ, ವಸತಿಯಿಂದ ದೂರದಲ್ಲಿ, ಸೊಳ್ಳೆ ನುಗ್ಗದಂತೆ ಜಾಲರಿ ಕಟ್ಟಿದ ಕೊಟ್ಟಿಗೆಯಲ್ಲಿ ಸಾಕಲು ಅವರಿಗೆ ಜಾಗ ಮತ್ತು ನೆರವು ಕೊಡುವುದು ಪಂಚಾಯಿತಿಯ ಕೆಲಸ.

ನಾಲ್ಕನೆಯದು ಸಂಜೆ. ಮುಸ್ಸಂಜೆಯಿಂದ ರಾತ್ರಿಯುದ್ದಕ್ಕೂ ಈ ಸೊಳ್ಳೆ ಕಚ್ಚುತ್ತದೆ, ಹೆಚ್ಚಾಗಿ ಮನೆಯ ಹೊರಗೆ. ಜಗಲಿಯಲ್ಲಿ ಓದುವ ಮಕ್ಕಳಿಗೆ ತುಂಬುತೋಳಿನ ಅಂಗಿ, ಮಲಗಲು ಸೊಳ್ಳೆಪರದೆ ಬೇಕು. ಮಂಡ್ಯ ಜಿಲ್ಲೆಯಲ್ಲಿ ರೋಗ ವರ್ಷಕ್ಕೆ ಎರಡು ಬಾರಿ ತಲೆಯೆತ್ತಿದ್ದು ದಾಖಲಾಗಿದೆ: ಏಪ್ರಿಲ್‌ನಿಂದ ಜುಲೈ, ಮತ್ತೆ ಸೆಪ್ಟೆಂಬರಿನಿಂದ ಡಿಸೆಂಬರ್. ಈ ತಿಂಗಳುಗಳಲ್ಲಿ ಎಚ್ಚರ ಹೆಚ್ಚಿರಲಿ.

ಕಾಯಬಾರದ ಗಳಿಗೆ

ಜ್ವರ ಬಂದ ಮಗು ಮಂಕಾದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ, ಅಸಂಬದ್ಧವಾಗಿ ಮಾತನಾಡಿದರೆ, ಕುತ್ತಿಗೆ ಬಿಗಿದರೆ, ಫಿಟ್ಸ್ ಬಂದರೆ ಒಂದು ಗಂಟೆಯೂ ಕಾಯಬಾರದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಅಂತ್ರ ಕಟ್ಟಿಸಲು ಅಲೆದ ರಾತ್ರಿಯೇ ಎಷ್ಟೋ ಮಕ್ಕಳ ಪಾಲಿಗೆ ಮುಖ್ಯವಾದ ರಾತ್ರಿಯಾಗಿರುತ್ತದೆ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಬೇಕು. ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಸೇರಿಸಬೇಕು.

ಔಷಧಿಯೇ ಇಲ್ಲದ ಮೇಲೆ ಆಸ್ಪತ್ರೆಯಲ್ಲಿ ಮಾಡುವುದೇನು ಎಂದು ಕೆಲವರು ಕೇಳುತ್ತಾರೆ. ಬಹಳ ಇದೆ. ಮಿದುಳಿನ ಊತ ತಗ್ಗಿಸುವುದು, ಫಿಟ್ಸ್ ನಿಲ್ಲಿಸುವುದು, ಉಸಿರಾಟ ಕಾಯುವುದು ಜೀವ ಉಳಿಸುವ ಕೆಲಸಗಳು. ಅಲ್ಲದೆ ಇದೇ ಲಕ್ಷಣ ತೋರುವ ಬ್ಯಾಕ್ಟೀರಿಯಾದ ಮಿದುಳುಪೊರೆ ಉರಿಯೂತಕ್ಕೆ, ಮಿದುಳಿಗೇರಿದ ಮಲೇರಿಯಾಕ್ಕೆ ಒಳ್ಳೆಯ ಔಷಧಿಗಳಿವೆ. ಯಾವುದು ಯಾವುದೆಂದು ಪರೀಕ್ಷೆ ಮಾಡಿಯೇ ತಿಳಿಯಬೇಕು.

ಕೊನೆಯ ಮಾತು ಶಾಲೆಯ ಬಗ್ಗೆ. ರೋಗ ಗೆದ್ದು ತರಗತಿಗೆ ಮರಳಿದ ಮಗು ಮೊದಲಿನಂತೆ ಇರದಿರಬಹುದು. ಬರೆಯುವ ಕೈ ನಡುಗಬಹುದು, ನಿನ್ನೆ ಕಲಿತ ಮಗ್ಗಿ ಇಂದು ಮರೆಯಬಹುದು, ಕಾರಣವಿಲ್ಲದೆ ಸಿಟ್ಟು ಬರಬಹುದು. ಅದು ಸೋಮಾರಿತನವಲ್ಲ, ಗಾಯಗೊಂಡ ಮಿದುಳು ಮತ್ತೆ ದಾರಿ ಹುಡುಕುತ್ತಿರುವ ರೀತಿ. ಮೇಷ್ಟರ ಬೆತ್ತಕ್ಕಿಂತ ಪಕ್ಕದಲ್ಲಿ ಕುಳಿತ ಗೆಳೆಯನ ತಾಳ್ಮೆ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ನಾಲೆಯ ನೀರನ್ನು ಹಂಚಿಕೊಂಡು ಬಾಳಿದ ಸೀಮೆ ಇದು. ಅದೇ ನೀರಿನ ಜೊತೆ ಬಂದ ಕಷ್ಟವನ್ನೂ ಹಂಚಿಕೊಳ್ಳಬೇಕಲ್ಲವೇ?