ದಾದಿ ಕಂಡ ಹಳದಿಯ ಗುರುತು

ಬಿಸಿಲೂ ಗಾಳಿಯೂ ಔಷಧವೇ ಎಂಬುದು ಪ್ರಕೃತಿ ಚಿಕಿತ್ಸಕರ ಮಾತು. ಅಳೆದು ನೋಡದೆ ಯಾವುದನ್ನೂ ಒಪ್ಪಲಾಗದೆಂಬುದು ಪ್ರಯೋಗಶಾಲೆಯ ಹಟ. ಈ ಎರಡಕ್ಕೂ ನಂಟು ಬೆಸೆದವರು ಇಂಗ್ಲೆಂಡಿನ ಒಬ್ಬ ದಾದಿ.

ಎಸೆಕ್ಸ್ ಸೀಮೆಯ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಆರೈಕೆ ಸಿಸ್ಟರ್ ವಾರ್ಡ್ ಅವರ ಪಾಲಿನದಾಗಿತ್ತು. ಇನ್‌ಕ್ಯುಬೇಟರಿನ ಉಸಿರುಗಟ್ಟಿಸುವ ಸೆಕೆಗಿಂತ ಹೊರಗಿನ ಗಾಳಿ ಬಿಸಿಲುಗಳೇ ಮೇಲೆಂದು ಆಕೆಯ ದೃಢವಾದ ನಂಬಿಕೆ. ಬೇಸಗೆಯ ಹಿತವಾದ ದಿನಗಳಲ್ಲಿ ಆ ಎಳೆಯ ಜೀವಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಬಾಣಂತಿಯ ಮನೆಯಲ್ಲಿ ಕೂಸಿಗೆ ಎಳೆಬಿಸಿಲು ಕಾಯಿಸುವ ನಮ್ಮ ಅಜ್ಜಿಯರಿಗೆ ಇದರಲ್ಲಿ ವಿಶೇಷವೇನೂ ಕಾಣದು.

1956ರ ಬೇಸಗೆಯಲ್ಲಿ ಒಂದು ದಿನ ಡಾಕ್ಟರ್ ಡಾಬ್ಸ್ ಮತ್ತು ಅವರ ಜೊತೆಗಾರರು ರೋಗಿಗಳನ್ನು ನೋಡುತ್ತ ಬಂದಾಗ, ಆಕೆ ಅಳುಕುತ್ತಲೇ ಒಂದು ಕೂಸಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿಹಳದಿ, ಒಂದೆಡೆ ಮಾತ್ರ ಗೆರೆ ಕೊರೆದಂತೆ ತ್ರಿಕೋನಾಕಾರದ ಕಡುಹಳದಿ. ಯಾವ ಔಷಧಿ ಬಳಿದಿರಿ, ಏಕೆ ಬಳಿದಿರಿ ಎಂದು ವೈದ್ಯರು ಕೇಳಿದರು. ಬಿಸಿಲಿನಿಂದಾದುದೆಂದರೆ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಕೂಸಿಗೆ ಕಾಮಾಲೆಯಿದೆ, ಹೊದಿಕೆಯ ತುದಿ ಮುಚ್ಚಿದ್ದ ಎಡೆಯಲ್ಲಿ ಬಣ್ಣ ಉಳಿದಿದೆ, ಬಿಸಿಲು ಬಿದ್ದ ಮೈಯಷ್ಟೇ ಮಾಸಿದೆ ಎಂದು ಆಕೆ ಸಂಕೋಚದಿಂದಲೇ ವಿವರಿಸಿದರು. ಮಾತು ಅಲ್ಲಿಗೇ ನಿಂತಿತು. ಕೂಸು ಚೇತರಿಸಿಕೊಂಡು ಮನೆಗೆ ಹೋಯಿತು.

ಕೆಲವು ವಾರಗಳ ಬಳಿಕ ಮತ್ತೊಂದು ವಿಚಿತ್ರ. ಬೇರೊಂದು ಕೂಸಿನ ರಕ್ತದ ನಳಿಗೆ ಬಿಸಿಲಿನಲ್ಲಿ ಉಳಿದುಬಿಟ್ಟಿತ್ತು; ಅದರಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ನಿರೀಕ್ಷಿಸಿದುದಕ್ಕಿಂತ ಬಹಳ ಕಡಿಮೆ! ದಾದಿಯ ಮಾತು ಆಗ ನೆನಪಿಗೆ ಬಂತು.

ಇದು ಬರಿಯ ಬಣ್ಣದ ಪ್ರಶ್ನೆಯಲ್ಲ. ಬಿಲಿರುಬಿನ್ ಮಿತಿಮೀರಿ ಮಿದುಳಿಗೆ ಸೇರಿದರೆ ಕೂಸು ಸಾಯಬಹುದು, ಉಳಿದರೂ ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಕೂಸಿನ ರಕ್ತವನ್ನು ತೆಗೆದು ಬೇರೆಯವರ ರಕ್ತ ತುಂಬುವುದೇ ಅಂದಿನ ಮುಖ್ಯ ಉಪಾಯ, ಅದರಲ್ಲಿಯೂ ಅಪಾಯವಿತ್ತು. ವೈದ್ಯ ಕ್ರೆಮರ್, ಜೀವರಸಾಯನಜ್ಞ ಪೆರಿಮನ್ ಮತ್ತು ರಿಚರ್ಡ್ಸ್ ಕೂಡಿ ಪರೀಕ್ಷಿಸಿದಾಗ, ಬೆಳಕಿನ ನೀಲಿಯ ಅಂಶವೇ ಹೆಚ್ಚು ಪರಿಣಾಮಕಾರಿ ಎಂದು ತಿಳಿಯಿತು. ಆ ಬೆಳಕು ತಾಗಿದರೆ ಬಿಲಿರುಬಿನ್ನಿನ ಅಣು ರೂಪ ಬದಲಿಸಿ, ನೀರಿನಲ್ಲಿ ಕರಗಿ, ದೇಹದಿಂದ ಹೊರಹೋಗುತ್ತದೆ. ನೀಲಿ ದೀಪಗಳ ತೊಟ್ಟಿಲು ಸಿದ್ಧವಾಯಿತು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಬಂಧವೂ ಬಂತು. ಲೇಖಕರು ಮೂವರು, ಅವರಲ್ಲಿ ಸಿಸ್ಟರ್ ವಾರ್ಡ್ ಇಲ್ಲ. ಮೊದಲು ಕಂಡವರಿಗೆ ಅಲ್ಲಿ ಸ್ಥಳವಿರಬೇಕಾಗಿತ್ತು.

ಹಾಗೆಂದು ಕಾಮಾಲೆಯ ಕೂಸನ್ನು ಅಂಗಳದಲ್ಲಿ ಮಲಗಿಸಿ ಸುಮ್ಮನಿರಬಾರದು. ನೇರ ಬಿಸಿಲು ಎಳೆಯ ಚರ್ಮವನ್ನು ಸುಡುತ್ತದೆ, ಮೈಯ ನೀರನ್ನು ಹೀರುತ್ತದೆ. ಬಿದ್ದ ಬೆಳಕೆಷ್ಟೆಂಬ ಲೆಕ್ಕವೂ ಸಿಗುವುದಿಲ್ಲ. ರಕ್ತಪರೀಕ್ಷೆ, ವೈದ್ಯರ ಸಲಹೆ ಬೇಕೇ ಬೇಕು. ಆದರೆ ವಿದ್ಯುತ್ತು ಸರಿಯಾಗಿ ದೊರೆಯದ ಊರುಗಳ ಗತಿಯೇನು? ನೈಜೀರಿಯದ ಲಾಗೋಸಿನಲ್ಲಿ ಇದಕ್ಕೊಂದು ದಾರಿ ಕಂಡಿತು. ಕೆಡುಕಿನ ಕಿರಣಗಳನ್ನು ತಡೆದು ನೀಲಿಯನ್ನು ಒಳಬಿಡುವ ಹಾಳೆಯ ಚಪ್ಪರದಡಿ ಕೂಸುಗಳನ್ನು ಮಲಗಿಸಿ ನೋಡಿದರು. ಅದು ದೀಪಕ್ಕಿಂತ ಕಡಿಮೆಯಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಆ ಚಪ್ಪರದ ಕೆಳಗೂ ಕೂಸಿನ ಮೈಬಿಸಿಯನ್ನು ಮತ್ತೆ ಮತ್ತೆ ಅಳೆದು ನೋಡುವವರು ಬೇಕು.